ಅಕ್ಕ ಹೇಳೋ ಜಾಗ

ಅಮ್ಮ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ದನಿ ನನ್ನ ಹಿಂದಿಂದ ಬರ್ತಿದೆ ಕಣೇ. ಯಾರೋ ಅಣಕಿಸಿದ ಹಾಗೆ ಆಗ್ತಿದೆ. ಹೀಗಾದ್ರೆ ನನಗೆ ಹಾಡು ಹೇಳೋಕಾಗಲ್ಲ."

ಕಳೆದ ಏಪ್ರಿಲ್‌ನ ಒಂದು ಭಾನುವಾರ. ಶಿವಮೊಗ್ಗದ ನಮ್ಮ ಮನೆ. ಬೆಳಿಗ್ಗೆ ಆರಕ್ಕೇ ಎದ್ದು ಅಮ್ಮನ ಕೋಣೆಯಲ್ಲಿ ಮೈಕು, ಲ್ಯಾಪ್‌ಟಾಪ್, ವೈರು ಎಲ್ಲ ಹರಡಿಕೊಂಡು ಕೂತಿದ್ದೆ. ಹದಿನೈದು ದಿನದಿಂದ ಇದಕ್ಕೇ ತಯಾರಿ. ನನ್ನ ದನಿಯನ್ನೇ ಹತ್ತಾರು ಸಲ ರೆಕಾರ್ಡ್ ಮಾಡಿ ನೋಡಿದ್ದೆ. ಆದರೆ ಆಗೆಲ್ಲ ಹೆಡ್‌ಫೋನ್ ಹಾಕಿರಲಿಲ್ಲ. ಹಾಗಾಗಿ ಅಮ್ಮ ಹೇಳಿದ ತೊಂದರೆ ನನಗೆ ಗೊತ್ತೇ ಆಗಿರಲಿಲ್ಲ.

ನಮ್ಮ ಕಡೆ ಹಾಡನ್ನು ಹಾಡುವುದಿಲ್ಲ, ಹೇಳುತ್ತಾರೆ. ಹಸೆಗೆ ಕರೆಯೋ ಹಾಡು, ಎಣ್ಣೆ ಹಚ್ಚೋ ಹಾಡು, ಆರತಿ ಹಾಡು ಅಂತ ಮದುವೆಯ ಒಂದೊಂದು ಕೆಲಸಕ್ಕೂ ಒಂದೊಂದು ಇರುತ್ತದೆ. ಅಮ್ಮ ಇವನ್ನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ಅಜ್ಜಿ ಹೇಳುವಾಗ ಪಕ್ಕದಲ್ಲಿ ಕೂತು ಕಲಿತದ್ದು. ಈಗ ಮದುವೆ ಮಂಟಪದಲ್ಲಿ ಸ್ಪೀಕರ್ ಇರುತ್ತದೆ, ಯಾರೂ ಕೇಳುವುದಿಲ್ಲ ಅಂತ ಅಮ್ಮ ಹೇಳುವುದನ್ನೇ ಬಿಟ್ಟಿದ್ದಳು. ಜನವರಿಯಲ್ಲಿ ಅವಳ ಮಂಡಿ ಆಪರೇಷನ್ ಆಯಿತು. ಮಲಗಿದ್ದಲ್ಲೇ ಒಂದು ಸಂಜೆ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಫೋನಿನಲ್ಲಿ ಹಿಡಿದೆ. ಆಮೇಲೆ ಕೇಳಿದರೆ ಬೇಜಾರಾಯಿತು. ಫೋನು ಮಾತಿಗೆ ಅಂತ ಮಾಡಿದ್ದು. ಗದ್ದಲ ಕಡಿಮೆ ಮಾಡುತ್ತೇನೆ ಅಂತ ಅದು ಸಣ್ಣ ದನಿಯನ್ನೂ ಒರೆಸಿಬಿಡುತ್ತದೆ. ಅಮ್ಮ ಸಾಲಿನ ಕೊನೆಗೆ ಉಸಿರು ಬಿಡುತ್ತಾ ಎಳೆಯುವ ಆ ಎಳೆ ಇದೆಯಲ್ಲ, ಅದೇ ಇರಲಿಲ್ಲ. ನನಗೆ ಬೇಕಾಗಿದ್ದು ಅದೇ.

ಹಾಗಾಗಿ ಒಂದು ಸಣ್ಣ ಆಡಿಯೊ ಇಂಟರ್‌ಫೇಸ್, ಸಣ್ಣ ದನಿಯನ್ನೂ ಹಿಡಿಯುವ ಒಂದು ಕಂಡೆನ್ಸರ್ ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಸ್ಟ್ಯಾಂಡು ತಂದೆ. ಇಂಟರ್‌ಫೇಸ್ ಅಂದರೆ ದೊಡ್ಡ ಮಾಯೆ ಏನಲ್ಲ. ಮೈಕಿನಿಂದ ಬರುವ ಕರೆಂಟು ತೀರಾ ಸಣ್ಣದು. ಅದನ್ನು ಎತ್ತಿ, ಸೆಕೆಂಡಿಗೆ 48,000 ಸಲ ಅಳೆದು, ಆ ಅಂಕಿಗಳನ್ನು ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಲ್ಯಾಪ್‌ಟಾಪ್‌ನಿಂದ ಬಂದ ಅಂಕಿಗಳನ್ನು ಮತ್ತೆ ದನಿ ಮಾಡಿ ಕಿವಿಗೆ ಕೊಡುತ್ತದೆ. ಮೊದಲ ದಿನ ಮೈಕು ಸಿಕ್ಕಿಸಿ ಎಷ್ಟು ಕೂಗಿದರೂ ಏನೂ ಬರಲಿಲ್ಲ. ಕಂಡೆನ್ಸರ್ ಮೈಕಿಗೆ ತನ್ನದೇ ವಿದ್ಯುತ್ ಬೇಕು. ಇಂಟರ್‌ಫೇಸ್ ಮೇಲಿನ 48 ವೋಲ್ಟ್ ಗುಂಡಿ ಒತ್ತಿದರೆ ಅದೇ ವೈರಿನಲ್ಲಿ ಮೈಕಿಗೆ ಕರೆಂಟು ಹೋಗುತ್ತದೆ. ಇದು ಗೊತ್ತಾಗೋಕೆ ನನಗೆ ಅರ್ಧ ದಿನ ಬೇಕಾಯಿತು.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಮೊದಲು ಆಡಾಸಿಟಿ ಹಾಕಿದೆ. ಅದು 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿದೆ. ಒಂದೇ ದನಿ ಹಿಡಿದು ಕತ್ತರಿಸೋಕೆ ಅಷ್ಟು ಸಾಕು. ಆಮೇಲೆ ರೀಪರ್‌ಗೆ ಬಂದೆ. ನಾವು ಕಾಲೇಜಿನಲ್ಲಿದ್ದಾಗ ಎಲ್ಲರ ಕಂಪ್ಯೂಟರಿನಲ್ಲೂ ಹಾಡು ಕೇಳೋಕೆ ವಿನ್ಆಂಪ್ ಇರುತ್ತಿತ್ತು, ನೆನಪಿದೆ ಅಲ್ವಾ? ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ರೀಪರ್ ಶುರು ಮಾಡಿದವರು. ಅರವತ್ತು ದಿನ ಪೂರ್ತಿ ಬಳಸಿ ನೋಡಬಹುದು. ಮನೆಮಟ್ಟಿಗೆ ಬಳಸುವವರಿಗೆ ಆಮೇಲೆ 60 ಡಾಲರ್. ಒಂದರ ಕೆಳಗೆ ಒಂದು ಎಷ್ಟು ಟ್ರ್ಯಾಕ್ ಬೇಕಾದರೂ ಹಾಕಬಹುದು, ಅಂದರೆ ಒಂದೊಂದು ದನಿಗೆ ಒಂದೊಂದು ಪಟ್ಟಿ. ಅದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಈಗ ಅಮ್ಮನ ಹಿಂದೆ ಬರುವ ದನಿ. ಇದಕ್ಕೆ ಲೇಟೆನ್ಸಿ ಅನ್ನುತ್ತಾರೆ. ಲ್ಯಾಪ್‌ಟಾಪ್ ದನಿಯನ್ನು ಹನಿಹನಿಯಾಗಿ ತೆಗೆದುಕೊಳ್ಳುವುದಿಲ್ಲ. ಬಿಂದಿಗೆ ತುಂಬುವ ತನಕ ಕಾದು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಆ ಬಿಂದಿಗೆಯೇ ಬಫರ್. ನನ್ನದು 1024ಕ್ಕೆ ಇತ್ತು. ಸೆಕೆಂಡಿಗೆ 48,000 ಅಳತೆಯಲ್ಲಿ 1024 ತುಂಬೋಕೆ ಸುಮಾರು 21 ಮಿಲಿಸೆಕೆಂಡ್ ಬೇಕು. ಒಳಗೆ ಹೋಗುವಾಗ ಒಂದು ಬಿಂದಿಗೆ, ಹೊರಗೆ ಬರುವಾಗ ಇನ್ನೊಂದು. ಅಲ್ಲಿಗೆ 42 ಮಿಲಿಸೆಕೆಂಡ್ ದಾಟಿತು. ಇಷ್ಟು ಸಣ್ಣ ಹೊತ್ತು ಯಾರಿಗೆ ಗೊತ್ತಾಗುತ್ತದೆ ಅನಿಸಬಹುದು. ಆದರೆ ಗಾಳಿಯಲ್ಲಿ ದನಿ 42 ಮಿಲಿಸೆಕೆಂಡಿನಲ್ಲಿ ಸಾಗುವುದು ಹದಿನಾಲ್ಕು ಮೀಟರ್ ಚಿಲ್ಲರೆ. ಅಂದರೆ ಅಮ್ಮ ಚಪ್ಪರದ ಈ ತುದಿಯಲ್ಲಿ ಕೂತು ಹೇಳುತ್ತಿದ್ದಾಳೆ, ಅವಳ ದನಿ ಆ ತುದಿಯಿಂದ ಅವಳ ಕಿವಿಗೆ ಬರುತ್ತಿದೆ. ಅವಳು ಹೇಳಿದ ಮಾತು ಅಕ್ಷರಕ್ಷರ ಸರಿಯಾಗಿತ್ತು.

ರೀಪರ್‌ನ ಸೆಟ್ಟಿಂಗ್‌ನಲ್ಲಿ ನಾನು ಮಾಮೂಲಿ ಡ್ರೈವರ್ ಬಿಟ್ಟಿದ್ದೆ. ಡ್ರೈವರ್ ಅಂದರೆ ಲ್ಯಾಪ್‌ಟಾಪ್ ಮತ್ತು ಇಂಟರ್‌ಫೇಸ್ ಮಧ್ಯೆ ದನಿ ಸಾಗಿಸುವ ಸಾಫ್ಟ್‌ವೇರ್. ಅದರಿಂದ ಇನ್ನೂ ತಡ. ಅದನ್ನು ಬದಲಿಸಿ ಎಎಸ್‌ಐಒ ಆರಿಸಿದೆ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಮಾಡಿದ ದಾರಿ ಇದು. ಸಾಫ್ಟ್‌ವೇರ್ ಮತ್ತು ಇಂಟರ್‌ಫೇಸ್ ಮಧ್ಯೆ ಬೇರೆ ಯಾರೂ ಬರದೆ ನೇರ ಮಾತಾಡಿಕೊಳ್ಳುತ್ತವೆ. ಬಫರ್ 128ಕ್ಕೆ ಇಳಿಸಿದೆ. ತಡ ಹೋಯಿತು. ಆದರೆ ನನ್ನದು ಹಳೇ ಲ್ಯಾಪ್‌ಟಾಪ್. ಅಷ್ಟು ಸಣ್ಣ ಬಿಂದಿಗೆಯನ್ನು ಅಷ್ಟು ಬೇಗ ಬೇಗ ಹೊರೋಕೆ ಅದಕ್ಕೆ ಆಗಲಿಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಶಬ್ದ.

ಕೊನೆಗೆ ಕೈ ಹಿಡಿದದ್ದು ಇಂಟರ್‌ಫೇಸ್ ಮೇಲೇ ಇದ್ದ ಡೈರೆಕ್ಟ್ ಮಾನಿಟರ್ ಗುಂಡಿ. ಅದನ್ನು ಒತ್ತಿದರೆ ಮೈಕಿನ ದನಿ ಲ್ಯಾಪ್‌ಟಾಪ್‌ವರೆಗೆ ಹೋಗಿ ಬರದೆ ಅಲ್ಲಿಂದಲೇ ಕಿವಿಗೆ ಬರುತ್ತದೆ. ಒತ್ತಿದೆ. "ಈಗ ಇಬ್ಬರು ನಾನು," ಅಂದಳು ಅಮ್ಮ. ರೀಪರ್ ಕೂಡ ಅವಳ ದನಿಯನ್ನು ಕಳಿಸುತ್ತಲೇ ಇತ್ತು. ಟ್ರ್ಯಾಕಿನ ಮೇಲಿನ ಮಾನಿಟರಿಂಗ್ ಆಫ್ ಮಾಡಿದೆ. ಬಫರನ್ನು ಮತ್ತೆ ಮೇಲಕ್ಕೆ ಏರಿಸಿದೆ. ಚಟಪಟ ನಿಂತಿತು. ಅಮ್ಮ ಒಂದು ಸಾಲು ಹೇಳಿ ತಲೆ ಆಡಿಸಿದಳು. ಹೊಸದಾಗಿ ಶುರು ಮಾಡುವವರು ಯಾರಾದರೂ ನನ್ನ ಕೇಳಿದರೆ ಮೈಕಿನ ಬೆಲೆಗಿಂತ ಮೊದಲು ನಾನು ಹೇಳುವುದು ಈ ಗುಂಡಿಯ ವಿಷಯ.

ಇನ್ನು ಮನೆಯ ಶಬ್ದ. ಕಂಡೆನ್ಸರ್ ಮೈಕಿಗೆ ಎಲ್ಲ ಕೇಳಿಸುತ್ತದೆ. ಫ್ಯಾನು ಆಫ್ ಮಾಡಿದೆವು, ಏಪ್ರಿಲ್ ಸೆಖೆಯಲ್ಲಿ. ಅಪ್ಪ ಫ್ರಿಜ್ ಆಫ್ ಮಾಡಿ, ಹಾಲಿನವನು ಬೆಲ್ ಒತ್ತಬಾರದು ಅಂತ ಗೇಟಿನ ಹತ್ತಿರ ಹೋಗಿ ನಿಂತರು. ಕಬ್ಬಿಣದ ಬೀರು ಅಮ್ಮ ಒಂದು ಸ್ವರ ಮುಟ್ಟಿದಾಗ ಮಾತ್ರ ಗುಂಯ್ ಅನ್ನುತ್ತಿತ್ತು. ಬಾಗಿಲು ತೆರೆದು ಸೀರೆಗಳು ಹೊರಗೆ ಕಾಣುವ ಹಾಗೆ ಬಿಟ್ಟೆ. ಗುಂಯ್ ನಿಂತಿತು. ಸೀರೆಗಳು ಕೋಣೆಯ ಮಾರ್ದನಿಯನ್ನೂ ಸ್ವಲ್ಪ ನುಂಗಿದವು. ಅಮ್ಮನ ಬೆನ್ನ ಹಿಂದೆ ಎರಡು ಕಂಬಳಿ ನೇತುಹಾಕಿದೆ. ಮೈಕು ಮುಖದಿಂದ ಒಂದು ಗೇಣು ದೂರ, ಬಾಯಿಗೆ ನೇರ ಅಲ್ಲದೆ ಸ್ವಲ್ಪ ಓರೆಯಾಗಿ. ನೇರ ಇಟ್ಟರೆ ಪ, ಬ ಬಂದಾಗಲೆಲ್ಲ ಗಾಳಿ ಮೈಕಿಗೆ ಗುದ್ದುತ್ತದೆ. ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಎತ್ತಬೇಕು ಅನ್ನೋದು, ಜಾಸ್ತಿ ಮಾಡಲಿಲ್ಲ. ಅಮ್ಮ ದೊಡ್ಡದಾಗಿ ಹೇಳಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ ಅಂತ ಬಿಟ್ಟೆ. ಸೊನ್ನೆ ದಾಟಿದರೆ ದನಿ ಒಡೆಯುತ್ತದೆ. 24 ಬಿಟ್‌ನಲ್ಲಿ , ಅಂದರೆ ಒಂದೊಂದು ಅಳತೆಯನ್ನೂ ತುಂಬಾ ಸೂಕ್ಷ್ಮವಾಗಿ, ಹಿಡಿದರೆ ಸಣ್ಣ ದನಿಯನ್ನು ಆಮೇಲೆ ಎತ್ತಬಹುದು. ಒಡೆದ ದನಿಯನ್ನು ಯಾರೂ ಕೂಡಿಸೋಕಾಗಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಅಮ್ಮನ ಗಾಜಿನ ಬಳೆ. ಹಾಡು ಹೇಳುವಾಗ ಅವಳ ಕೈ ತನ್ನಷ್ಟಕ್ಕೆ ಆಡುತ್ತದೆ. ಬಳೆ ತೆಗಿ ಅಂತ ನಾನು ಹೇಳಲಿಲ್ಲ, ಅವಳು ತೆಗೆಯುವವಳೂ ಅಲ್ಲ. ಅಪ್ಪನ ಎರಡು ಕರವಸ್ತ್ರ ತಂದು ಎರಡೂ ಕೈಯ ಬಳೆಗಳಿಗೆ ಸುತ್ತಿ ಕಟ್ಟಿದೆ.

ಕೆಂಪು ಗುಂಡಿ ಒತ್ತಿದೆ. ತಾಳದ ಟಿಕ್ ಟಿಕ್ ಹಾಕಲಿಲ್ಲ. ಈ ಹಾಡುಗಳು ಉಸಿರಿನ ಅಳತೆಯಲ್ಲಿ ನಡೆಯುತ್ತವೆ, ಗಡಿಯಾರದ ಅಳತೆಯಲ್ಲಿ ಅಲ್ಲ. ಅಮ್ಮ ಆರತಿ ಹಾಡಿನ ಮೊದಲ ಸಾಲು ಹೇಳಿದಳು. ಆ ಎಳೆ ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿಸಿತು, ಕೊನೆಯ ಉಸಿರಿನವರೆಗೂ. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವಳು ನಿಲ್ಲಿಸಿಬಿಟ್ಟಳು. ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿದ್ದಾಳೆ. ಏನೋ ಮರೆತಳು ಅಂದುಕೊಂಡು ರೆಕಾರ್ಡಿಂಗ್ ನಿಲ್ಲಿಸೋಕೆ ಹೋದೆ. ಅಷ್ಟು ಹೊತ್ತಿಗೆ ಎರಡನೇ ಸಾಲು ಶುರುವಾಯಿತು. ಅದು ಮುಗಿದ ಮೇಲೆ ಮತ್ತೆ ಅಷ್ಟೇ ಮೌನ. ಹೀಗೇ ಇಡೀ ಹಾಡು. ಕಿಟಕಿಯ ಆಚೆ ಕೋಗಿಲೆ ಒಂದೇ ಸಮನೆ ಕೂಗುತ್ತಿತ್ತು.

"ಯಾಕಮ್ಮ ಮಧ್ಯೆ ಮಧ್ಯೆ ನಿಲ್ಲಿಸ್ತೀಯ?" ಅಂದೆ.

"ಅದು ಅಕ್ಕ ಹೇಳೋ ಜಾಗ," ಅಂದಳು.

ಇವು ಒಬ್ಬರು ಹೇಳುವ ಹಾಡಲ್ಲ. ಒಬ್ಬರು ಸಾಲು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಆ ಹೊತ್ತಿನಲ್ಲಿ ಮೊದಲಿನವರು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾರೆ. ಅಮ್ಮ ಯಾವಾಗಲೂ ದೊಡ್ಡಮ್ಮನ ಜೊತೆ ಹೇಳಿದವಳು. ದೊಡ್ಡಮ್ಮನಿಗೆ ಎಪ್ಪತ್ತಾರು ವರ್ಷ, ಸಾಗರದ ಹತ್ತಿರದ ಹಳ್ಳಿಯಿಂದ ಆಚೆ ಬರುವುದಿಲ್ಲ. ಅಮ್ಮನಿಗೆ ಈ ಮಂಡಿಯಲ್ಲಿ ಪ್ರಯಾಣ ಆಗುವುದಿಲ್ಲ. ಇಬ್ಬರೂ ಒಟ್ಟಿಗೆ ಕೂತು ಎರಡು ವರ್ಷ ಆಗಿತ್ತು.

ಆ ರಾತ್ರಿ ಆ ಟ್ರ್ಯಾಕನ್ನು ನೋಡುತ್ತಾ ಕೂತೆ. ಪರದೆ ಮೇಲೆ ಅಲೆ, ಖಾಲಿ ಗೆರೆ, ಅಲೆ, ಖಾಲಿ ಗೆರೆ. ಮೌನ ಕತ್ತರಿಸಿ ಹಾಡನ್ನು ಕೂಡಿಸುವುದು ಐದು ನಿಮಿಷದ ಕೆಲಸ. ಮಾಡಲಿಲ್ಲ. ಅದರ ಕೆಳಗೆ ಇನ್ನೊಂದು ಖಾಲಿ ಟ್ರ್ಯಾಕ್ ತೆರೆದು ‘ದೊಡ್ಡಮ್ಮ’ ಅಂತ ಹೆಸರು ಬರೆದೆ.

ಹೋಗೋಕೆ ಆಗಿದ್ದು ಜೂನ್‌ನಲ್ಲಿ. ತಾಳಗುಪ್ಪದ ರೈಲು ಹತ್ತಿ ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದೆ. ಇಂಟರ್‌ಫೇಸ್, ಮೈಕು, ಹೆಡ್‌ಫೋನ್ ಎಲ್ಲ ಒಂದೇ ಬ್ಯಾಗಿನಲ್ಲಿ, ಟವೆಲ್ ಸುತ್ತಿ. ಮಳೆ ಹಿಡಿದಿತ್ತು. ನಾನು ಮನೆ ಮುಟ್ಟುವಾಗ ಕರೆಂಟು ಹೋಗಿತ್ತು. ಅದರಿಂದ ಒಳ್ಳೆಯದೇ ಆಯಿತು. ಇಂಟರ್‌ಫೇಸ್‌ಗೆ ಯುಎಸ್‌ಬಿಯಿಂದಲೇ ಕರೆಂಟು, ಲ್ಯಾಪ್‌ಟಾಪ್ ಬ್ಯಾಟರಿ ತುಂಬಿತ್ತು. ಫ್ಯಾನಿಲ್ಲ, ಫ್ರಿಜ್ಜಿಲ್ಲ, ಚಾರ್ಜರ್ ಹಾಕಿದರೆ ಕೆಲವು ಸಲ ಬರುವ ಗುಂಯ್ ಶಬ್ದವೂ ಇಲ್ಲ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ. ಅದನ್ನು ಯಾವ ಕಂಬಳಿಯೂ ತಡೆಯುವುದಿಲ್ಲ. ಮಳೆ ನಿಲ್ಲಲಿ ಅಂತ ಕಾದರೆ ಮಲೆನಾಡಿನಲ್ಲಿ ಸೆಪ್ಟೆಂಬರ್ ಬರುತ್ತದೆ.

ದೊಡ್ಡಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ಅಮ್ಮನ ಹಾಡು ಬಿಟ್ಟೆ. ಒಂದು ಸಾಲು ಕೇಳಿದ್ದೇ ಬಾಗಿಲ ಕಡೆ ತಿರುಗಿ ನೋಡಿದಳು. "ಇವಳು ಇಲ್ಲೇ ಕೂತಿದ್ದಾಳಲ್ಲೇ!" ಮೌನ ಬಂದಾಗ ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ. ತಂಗಿ ಬಿಟ್ಟ ಜಾಗಕ್ಕೆ ಸರಿಯಾಗಿ, ಅದೇ ಶ್ರುತಿಯಲ್ಲಿ ದನಿ ಎತ್ತಿದಳು. ನಾನಿನ್ನೂ ರೆಕಾರ್ಡ್ ಒತ್ತಿರಲಿಲ್ಲ. "ದೊಡ್ಡಮ್ಮ, ಒಂದು ನಿಮಿಷ, ಮೊದಲಿಂದ," ಅಂತ ಕೈ ಮುಗಿದೆ.

ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿಕೊಂಡಳು. ತನ್ನ ದನಿ ತನಗೆ ಹೊರಗಿಂದ ಕೇಳಬೇಕಂತೆ. ಆದರೆ ಹಾಗೆ ತೆರೆದ ಕಡೆಯಿಂದ ಅಮ್ಮನ ದನಿ ಸೋರಿ ಮೈಕಿಗೆ ಬೀಳುತ್ತದೆ. ಸರಿಸಿದ ಕಡೆಯನ್ನು ಕೆನ್ನೆಗೆ ಒತ್ತಿ ಹಿಡಿದುಕೋ ಅಂದೆ. ಹಾಗೇ ಹಿಡಿದು, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಇಡೀ ಹಾಡು ಮುಗಿಸಿದಳು. ಬ್ಯಾಟರಿ ಮುಗಿಯೋದರೊಳಗೆ ನಾಲ್ಕು ಹಾಡು ಆಯಿತು.

ಮರುದಿನ ಶಿವಮೊಗ್ಗಕ್ಕೆ ಬಂದು ಎರಡನ್ನೂ ಸೇರಿಸಿದೆ. ಸೇರಿಸಿದೆ ಅನ್ನುವಷ್ಟು ಏನೂ ಇರಲಿಲ್ಲ, ಆಗಲೇ ಕೂಡಿಕೊಂಡಿತ್ತು. ಎರಡು ದನಿಯ ಮಟ್ಟ ಸಮ ಮಾಡಿದೆ. ಸ್ವಲ್ಪ ರಿವರ್ಬ್, ಅಂದರೆ ಕೃತಕ ಮಾರ್ದನಿ, ಹಾಕಿ ನೋಡಿದೆ. ದೇವಸ್ಥಾನದಲ್ಲಿ ಕೂತ ಹಾಗೆ ಕೇಳಿಸಿತು. ಇವರು ಯಾವತ್ತೂ ನಡುಮನೆಯಲ್ಲಿ ಕೂತು ಹೇಳಿದವರು. ತೆಗೆದೆ. ಶಬ್ದ ಅಳಿಸುವ ಪ್ಲಗಿನ್ ಕೂಡ ಇದೆ. ಅಮ್ಮನ ಸಾಲಿನ ಹಿಂದೆ ಏಪ್ರಿಲ್‌ನ ಕೋಗಿಲೆ, ದೊಡ್ಡಮ್ಮನ ಸಾಲಿನ ಹಿಂದೆ ಜೂನ್‌ನ ಮಳೆ. ಎರಡನ್ನೂ ಹಾಗೇ ಬಿಟ್ಟೆ.

ಅಮ್ಮನಿಗೆ ಕೇಳಿಸಿದೆ. ಮೊದಲ ನುಡಿ ಮುಗಿಯುವ ತನಕ ಅಲುಗಾಡದೆ ಕೂತಿದ್ದಳು. ಎರಡನೇ ನುಡಿಯಲ್ಲಿ ಥಟ್ಟನೆ ಕೈ ಎತ್ತಿದಳು. "ನಿಲ್ಸು. ಹಿಂದೆ ಹೋಗು." ಹಿಂದೆ ಹೋದೆ. ಅಮ್ಮ ‘ದೀಪ’ ಅಂದ ಕಡೆ ದೊಡ್ಡಮ್ಮ ‘ಸೊಡರು’ ಅಂದಿದ್ದಳು. ನಾನು ಹತ್ತು ಸಲ ಕೇಳಿದ್ದರೂ ಗಮನಿಸಿರಲಿಲ್ಲ.

"ಅಮ್ಮ ಹಾಗೇ ಹೇಳ್ತಿದ್ದಳು," ಅಂದಳು, ಅಜ್ಜಿಯ ವಿಷಯ. "ಸೊಡರು ಅಂತಲೇ. ನಾನು ಯಾವಾಗ ದೀಪ ಮಾಡಿದೆನೋ ಏನೋ. ಅಕ್ಕ ಬಿಟ್ಟಿಲ್ಲ ನೋಡು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಪ್ಪನನ್ನು ಕರೆದು ಫ್ರಿಜ್ ಆಫ್ ಮಾಡಿ ಅಂದಳು. ನಾನು ಮೈಕಿನ ಸ್ಟ್ಯಾಂಡು ಬಿಚ್ಚುವಷ್ಟರಲ್ಲಿ ಅವಳೇ ಬೀರುವಿನ ಬಾಗಿಲು ತೆರೆದು, ಮಂಚದ ಮೇಲೆ ಕೂತು, ಬಳೆಗೆ ಕರವಸ್ತ್ರ ಸುತ್ತಿಕೊಳ್ಳುತ್ತಿದ್ದಳು.