ಶನಿವಾರದೊಳಗೆ ಐದು ಒತ್ತಕ್ಷರ

ಬೆಂಗಳೂರಿನ ಲಗ್ಗೆರೆ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ನನ್ನ ಬಳಿಗೆ ಬರುವುದು ನಲಿಕಲಿ, ಅಂದರೆ ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆಯ ಕಲಿಕೆ, ಮುಗಿಸಿಕೊಂಡು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ನನಗೆ ತುಂಬ ಇಷ್ಟವಾಗುವುದು ಗೋಡೆಯ ಮೇಲಿನ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನದು ಯಾವುದು ಅಂತ ಮಗು ತಾನೇ ಬೆರಳಿಟ್ಟು ತೋರಿಸುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಏಣಿ ಕಾಣೆಯಾಗುತ್ತದೆ. ಉಳಿಯುವುದು ನನ್ನ ಪಾಠಯೋಜನೆಯ ಸಾಲು: 'ಮಗು ಸರಳ ಪಠ್ಯವನ್ನು ಗ್ರಹಿಕೆಯೊಂದಿಗೆ ನಿರರ್ಗಳವಾಗಿ ಓದುತ್ತದೆ.' ಅದನ್ನು ಓದುವವರು ನಾನು, ಹೆಡ್‌ಮಾಸ್ಟರು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳಲು ಆಗಾಗ ಬರುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ). ಓದಬೇಕಾದ ಮಗುವಿಗೆ ಆ ಸಾಲು ಗೊತ್ತೇ ಇಲ್ಲ.

ಈ ವರ್ಷ ಯಾದಗಿರಿ ಕಡೆಯಿಂದ ಒಬ್ಬ ಹುಡುಗ ಸೇರಿದ. ಅಪ್ಪ ಅಮ್ಮ ಇಬ್ಬರೂ ಗಾರೆ ಕೆಲಸದವರು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ನಿಮಿಷಕ್ಕೆ 60 ಪದವಾದರೂ ಅರ್ಥ ಮಾಡಿಕೊಂಡು ಓದಬೇಕು ಎನ್ನುತ್ತದೆ 2021ರಲ್ಲಿ ಬಂದ ನಿಪುಣ್ ಭಾರತ್, ಚಿಕ್ಕ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ಯೋಜನೆ. ಇವನು ಓದಿದ್ದು 14. ಗುರಿಗೆ ಒಂದು ಅಂಕಿ ಇರುವುದು ಒಳ್ಳೆಯದೇ, ಆದರೆ 14ರಲ್ಲಿ ನಿಂತವನಿಗೆ 60 ತೋರಿಸಿದರೆ ಅವನು ಹೆಜ್ಜೆ ಎಲ್ಲಿಡಬೇಕು?

"ಈ ವಾರ ಏನು ಕಲಿತೀಯ ಮರಿ?" ಅಂದೆ.

"ಚೆಂದಾಗಿ ಓದ್ತೀನ್ರಿ."

"ಚೆಂದಾಗಿ ಅಂದ್ರೆ?"

ನೆಲ ನೋಡಿದ.

ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಓದಿಸಿದೆ. 'ಕತ್ತೆ' ಬಂದಲ್ಲಿ 'ಕತೆ' ಅಂದ. 'ಹಳ್ಳಿ' ಬಂದಲ್ಲಿ 'ಹಳಿ'. ಕಾಗುಣಿತ ಚೆನ್ನಾಗಿಯೇ ಇತ್ತು. ಕಣ್ಣು ಅಕ್ಷರದ ಕೆಳಗೆ ಇಳಿಯುತ್ತಿರಲಿಲ್ಲ, ಅಷ್ಟೇ. ಹಾಗಾಗಿ ವಾಕ್ಯ ಕೈಗೆ ಸಿಗದೆ ಅಲ್ಲಲ್ಲೇ ನಿಂತುಬಿಡುತ್ತಿದ್ದ. ಇಬ್ಬರೂ ಕೂತು ಗುರಿ ಮಾಡಿದೆವು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಅವನೇ ಬರೆದುಕೊಂಡ: 'ಶನಿವಾರದೊಳಗೆ ದಾರಿಯಲ್ಲಿ ಐದು ಒತ್ತಕ್ಷರದ ಪದ ಹುಡುಕಿ ಓದುತ್ತೇನೆ.'

(52ರಲ್ಲಿ 27 ಕಳೆದು 35 ಬರೆಯುವ ಹುಡುಗಿಯದು ಬೇರೆ ಗುರಿ: 'ಮೇಲಿನ ಅಂಕಿ ಚಿಕ್ಕದಾದರೆ ಹತ್ತರ ಮನೆಯಿಂದ ಸಾಲ ತರುತ್ತೇನೆ.' ಒಬ್ಬರ ಗುರಿಯನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಗೋಡೆಗೆ ಅಂಟಿಸಿ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.)

ಶುಕ್ರವಾರ ಗೇಟಿನ ಹತ್ತಿರ ಅವನ ತಾಯಿ ಸಿಕ್ಕರು. "ಏನ್ ಹೇಳೀರಿ ಮೇಡಂ, ಬೋರ್ಡ್ ಕಂಡಲ್ಲೆಲ್ಲಾ ನಿಂದರ್ತಾನ. ನನಗ ಕೆಲಸಕ್ಕ ಹೊತ್ತಾಗತೈತ್ರಿ." ಬೈಯುವ ದನಿಯಾಗಿರಲಿಲ್ಲ.

ಶನಿವಾರ ಹಾಳೆ ಬಿಚ್ಚಿದ. ಅಕ್ಕಿ, ಬೆಲ್ಲ, ಎಣ್ಣೆ, ಮಜ್ಜಿಗೆ, ಲಗ್ಗೆರೆ. ಲಗ್ಗೆರೆಯ 'ಗ್ಗೆ'ಯನ್ನು ಎರಡು ಸಲ ಒತ್ತಿ ಓದಿ, ತಾನೇ ಐದಕ್ಕೂ ಟಿಕ್ ಹಾಕಿಕೊಂಡ. ಕೆಳಗೆ ಆರನೆಯದೊಂದಿತ್ತು, ಟಿಕ್ ಇಲ್ಲದ್ದು: ಬಸ್ ನಿಲ್ದಾಣ.

"ಟೀಚರ್, ಇಲ್ಲಿ ಲ ಕೆಳಗ ಲ ಇಲ್ರಿ. ದ ಐತಿ. ಹಂಗೂ ಇರ್ತಾವೇನ್ರಿ?"

ಒಂದು ಅಕ್ಷರದ ಕೆಳಗೆ ಬೇರೆ ಅಕ್ಷರ ಬರುವ ವಿಜಾತೀಯ ಒತ್ತಕ್ಷರವನ್ನು ಅವನಿಗೆ ಆಗಸ್ಟ್‌ನಲ್ಲಿ ಹೇಳಿಕೊಡೋಣ ಎಂದುಕೊಂಡಿದ್ದೆ. ಮುಂದಿನ ಶನಿವಾರಕ್ಕೆ ಅವನು ಅದನ್ನೇ ಬರೆದುಕೊಂಡಿದ್ದಾನೆ.