ಪಂಚರ್ ಆಗುವುದು, ಪಂಚರ್ ಹಾಕುವುದು

‘ಪಂಚರ್ ಹಾಕು’ ಎಂಬ ಮಾತನ್ನು ಪದಕ್ಕೆ ಪದ ಹಿಡಿದರೆ ಟೈರಿಗೆ ತೂತು ಮಾಡು ಎಂದು ಅರ್ಥವಾಗಬೇಕು. ಕನ್ನಡ ಬಲ್ಲ ಯಾರೂ ಹಾಗೆ ಅರ್ಥ ಮಾಡಿಕೊಳ್ಳುವುದಿಲ್ಲ. ‘ಹಿಂದಿನ ಚಕ್ರಕ್ಕೆ ಪಂಚರ್ ಹಾಕಿಸಿಕೊಂಡು ಬಾ’ ಎಂದು ಸೈಕಲ್ ಕೊಟ್ಟು ಕಳುಹಿಸುವ ತಂದೆಯ ಮನಸ್ಸಿನಲ್ಲಿರುವುದು ತೂತು ಮುಚ್ಚಿಸುವ ಕೆಲಸವೇ. ‘ಪಂಚರ್ ಆಯಿತು’ ಎಂದಾಗ ಆ ಪದ ತೂತಿನ ಕಡೆ ನಿಲ್ಲುತ್ತದೆ, ‘ಪಂಚರ್ ಹಾಕಿದರು’ ಎಂದಾಗ ತೇಪೆಯ ಕಡೆ ಸರಿಯುತ್ತದೆ. ಇಂಗ್ಲಿಷಿನಿಂದ ಬಂದ ಪದವೊಂದು ಇಲ್ಲಿ ಹೀಗೆ ಎರಡು ಕಡೆಯೂ ವಾಲಿಕೊಂಡು ನಮ್ಮ ನಡುವೆ ಆರಾಮವಾಗಿ ಬದುಕುತ್ತಿರುವುದು ನನಗೆ ಬಹಳ ದಿನಗಳಿಂದ ಕುತೂಹಲದ ಸಂಗತಿಯಾಗಿದೆ.

ಇಂಗ್ಲಿಷಿನಲ್ಲಿ ಈ ಪದದ ವಂಶ ದೊಡ್ಡದು. ಅದರ ಮೂಲ ಲ್ಯಾಟಿನ್ ಭಾಷೆಯ ‘ಪುಂಗೆರೆ’, ಅರ್ಥ, ಚುಚ್ಚು. ಚುಕ್ಕಿ ಎಂಬರ್ಥದ ಪಾಯಿಂಟ್, ಹೊತ್ತಿಗೆ ಸರಿಯಾಗಿ ಬರುವ ಪಂಕ್ಚುಯಲ್, ಬರವಣಿಗೆಯ ಪಂಕ್ಚುಯೇಶನ್, ಮೂಗಿಗೆ ಅಡರುವ ಘಾಟಿಗೆ ಹೇಳುವ ಪಂಜೆಂಟ್, ಪಶ್ಚಾತ್ತಾಪವನ್ನು ಸೂಚಿಸುವ ಕಂಪಂಕ್ಷನ್, ಇವೆಲ್ಲವೂ ಅದೇ ಮನೆಯವು. ಶಾಸನಸಭೆಯಲ್ಲಿ ಯಾರಾದರೂ ಆಡಬಾರದ ಮಾತನ್ನು ಆಡಿದಾಗ ಸಭಾಧ್ಯಕ್ಷರು ‘ಕಡತದಿಂದ ತೆಗೆಯಿರಿ’ ಎಂದು ಸೂಚಿಸುತ್ತಾರಲ್ಲ, ಅದಕ್ಕೆ ಬಳಸುವ ಎಕ್ಸ್‌ಪಂಜ್ ಎಂಬ ಪದವೂ ಚುಚ್ಚಿ ತೆಗೆ ಎಂಬ ಮೂಲದಿಂದಲೇ ಬಂದದ್ದು. ಮಧ್ಯಯುಗದ ಯುರೋಪಿನ ಲಿಪಿಕಾರರು ಹಸ್ತಪ್ರತಿಯಲ್ಲಿ ತಪ್ಪಾಗಿ ಬರೆದ ಅಕ್ಷರದ ಕೆಳಗೆ ಚುಕ್ಕಿಗಳನ್ನಿಟ್ಟು ಅದನ್ನು ಬಿಟ್ಟು ಓದಬೇಕೆಂದು ಸೂಚಿಸುತ್ತಿದ್ದರು. ಮೊನಚಾದ ವಸ್ತು ಒಂದು ಜಾಗದಲ್ಲಿ ಇಳಿಯುವುದು, ಅಲ್ಲಿ ಒಂದು ಗುರುತು ಉಳಿಯುವುದು, ಈ ಚಿತ್ರವೇ ಇಡೀ ವಂಶದ ಲಕ್ಷಣ.

ಪಂಕ್ಚರ್ ಎಂಬ ಪದ ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಅದು ಚುಚ್ಚಿದ ಗಾಯಕ್ಕೆ ಸಂಬಂಧಪಟ್ಟ ಪದವಾಗಿತ್ತು, ರಸ್ತೆಗೂ ಅದಕ್ಕೂ ನಂಟಿರಲಿಲ್ಲ. ಜಪಾನಿನಲ್ಲಿ ಕೆಲಸ ಮಾಡಿದ್ದ ಡಚ್ ವೈದ್ಯ ವಿಲೆಮ್ ಟೆನ್ ರೈನ್ 1683ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಪೂರ್ವ ದೇಶಗಳ ಸೂಜಿ ಚಿಕಿತ್ಸೆಯನ್ನು ವಿವರಿಸುವಾಗ ಸೂಜಿ ಎಂಬರ್ಥದ ಲ್ಯಾಟಿನ್ ಪದವನ್ನು ಇದಕ್ಕೆ ಜೋಡಿಸಿದ. ಆಕ್ಯುಪಂಕ್ಚರ್ ಹುಟ್ಟಿದ್ದು ಹಾಗೆ. ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಬೆನ್ನುಮೂಳೆಯ ಕೆಳಭಾಗದಲ್ಲಿ ಸೂಜಿ ಇಳಿಸಿ ಮಿದುಳು ಬಳ್ಳಿಯ ಸುತ್ತಲಿನ ದ್ರವವನ್ನು ತೆಗೆಯುವ ವಿಧಾನವನ್ನು ವರದಿ ಮಾಡಿದ. ಅದು ಲಂಬಾರ್ ಪಂಕ್ಚರ್ ಎಂಬ ಹೆಸರಿನಲ್ಲಿ ಇಂದಿಗೂ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಆದರೆ ನಮ್ಮಲ್ಲಿ ರೋಗಿಯ ಕಡೆಯವರು ಅದನ್ನು ‘ಬೆನ್ನಿನಿಂದ ನೀರು ತೆಗೆಯುತ್ತಾರಂತೆ’ ಎಂದೇ ಹೇಳುತ್ತಾರೆ. ಇಂಗ್ಲಿಷ್ ಹೆಸರು ಸೂಜಿ ಒಳಗೆ ಹೋದದ್ದನ್ನು ನೋಡಿತು, ಕನ್ನಡದ ಮಾತು ಏನು ಹೊರಗೆ ಬಂತು ಎಂಬುದನ್ನು ನೋಡಿತು. ಈ ವ್ಯತ್ಯಾಸ ಟೈರಿನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ.

ಟೈರಿನ ಪಂಚರ್ ಹುಟ್ಟಬೇಕಾದರೆ ಮೊದಲು ಗಾಳಿ ತುಂಬಿದ ಟೈರು ಹುಟ್ಟಬೇಕಿತ್ತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದ. ಆಗ ಸೈಕಲ್ ಇರಲಿಲ್ಲ, ಕಾರೂ ಇರಲಿಲ್ಲ; ಕುದುರೆ ಗಾಡಿಗಳ ಮೇಲೆ ಪ್ರಯೋಗ ನಡೆದು ವಿಷಯ ಮರೆತುಹೋಯಿತು. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಪಡೆದ. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಅದು ರದ್ದಾಯಿತು, ಆದರೂ ವ್ಯಾಪಾರ ನಿಲ್ಲಲಿಲ್ಲ. ಆ ಮೊದಲ ಟೈರುಗಳನ್ನು ಚಕ್ರಕ್ಕೆ ಅಂಟಿಸಿಯೇ ಬಿಡುತ್ತಿದ್ದ ಕಾರಣ ಒಂದು ತೂತು ಮುಚ್ಚಲು ಗಂಟೆಗಟ್ಟಲೆ ಕೆಲಸವಾಗುತ್ತಿತ್ತು, ಅಂಟು ಒಣಗಲು ರಾತ್ರಿ ಕಳೆಯಬೇಕಾಗಿತ್ತು. ಹೀಗೆ ಕೆಟ್ಟ ಟೈರೊಂದು ಫ್ರಾನ್ಸಿನ ಕ್ಲೇರ್ಮೋ ಫೆರಾನ್ ಊರಿನ ಮಿಶೆಲಿನ್ ಸೋದರರ ಕಾರ್ಖಾನೆಗೆ ದುರಸ್ತಿಗೆ ಬಂದದ್ದೇ ಬಿಚ್ಚಿ ಹಾಕಬಹುದಾದ ಟೈರಿಗೆ ಪ್ರೇರಣೆಯಾಯಿತು, 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮುಂದಿನ ವರ್ಷ ಆ ಸೋದರರು ಪ್ಯಾರಿಸಿನಿಂದ ತಮ್ಮ ಊರಿನವರೆಗೆ ಸೈಕಲ್ ಸ್ಪರ್ಧೆ ಏರ್ಪಡಿಸಿ, ದಾರಿಯಲ್ಲಿ ತಾವೇ ಮೊಳೆ ಹರಡಿಸಿದರು. ತೂತನ್ನು ಎಷ್ಟು ಬೇಗ ಮುಚ್ಚಬಹುದೆಂದು ಜನರಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಿಲೋಗಟ್ಟಲೆ ಮೊಳೆಗಳನ್ನು ಅಯಸ್ಕಾಂತದಿಂದ ಹೆಕ್ಕಿ ಕೂಡಿಸಿದ ನಾಗರಿಕರೊಬ್ಬರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, ಅವು ತಾವಾಗಿ ಬಿದ್ದ ಮೊಳೆಗಳಲ್ಲ ಎಂಬ ಸಂಶಯ ಬಹಳ ಜನರಿಗೆ ಬಂದಿತ್ತು. ವ್ಯಾಪಾರಕ್ಕಾಗಿ ರಸ್ತೆಗೆ ಮೊಳೆ ಹಾಕುವ ಯೋಚನೆಗೆ ಅಷ್ಟು ಹಳೆಯ, ಅಷ್ಟು ಗೌರವಾನ್ವಿತ ಪೂರ್ವಿಕರಿದ್ದಾರೆಂಬುದು ಆಗ ನನಗೆ ತಿಳಿದಿರಲಿಲ್ಲ.

ಈ ಟೈರಿನ ಜೊತೆಯಲ್ಲಿ ಪದವೂ ನಮ್ಮ ಊರುಗಳಿಗೆ ಬಂತು. ಚುಚ್ಚುವುದಕ್ಕೆ ಕನ್ನಡದಲ್ಲಿ ಪದಗಳ ಕೊರತೆ ಎಂದೂ ಇರಲಿಲ್ಲ. ಚುಚ್ಚು, ತಿವಿ, ಇರಿ, ಕುಟುಕು ಎಂದು ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆ ಪದಗಳಿವೆ. ಆದ ರಂಧ್ರಕ್ಕೆ ತೂತು ಇದೆ, ಉತ್ತರ ಕರ್ನಾಟಕದಲ್ಲಿ ತೂತಿನ ಜೊತೆಗೆ ತೆಗ್ಗು, ಕಿಂಡಿಗಳೂ ತಮ್ಮ ತಮ್ಮ ಜಾಗದಲ್ಲಿವೆ. ಇಲ್ಲದೆ ಇದ್ದದ್ದು ಒಂದೇ: ಒತ್ತಡದಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡು ಭಾರ ಹೊರುತ್ತಿದ್ದ ವಸ್ತುವೊಂದು ಗಾಳಿ ಕಳೆದುಕೊಂಡು ಕುಸಿಯುವ ಸ್ಥಿತಿಗೆ ಹೆಸರು. ಅಂಥ ವಸ್ತುವೇ ನಮ್ಮ ಜೀವನದಲ್ಲಿ ಮುಖ್ಯವಾಗಿ ಇರಲಿಲ್ಲ. ಹಾಗಾಗಿ ಕನ್ನಡವು ಪಂಕ್ಚರ್‌ನಿಂದ ಚುಚ್ಚುವ ಭಾಗವನ್ನು ಬಿಟ್ಟು, ಗಾಳಿ ಹೋಗುವ ಭಾಗವನ್ನು ಮಾತ್ರ ಎತ್ತಿಕೊಂಡಿತೆಂದು ನಾನು ಭಾವಿಸುತ್ತೇನೆ.

ಇದಕ್ಕೆ ಸಾಕ್ಷಿ ದಿನನಿತ್ಯದ ಮಾತಿನಲ್ಲಿಯೇ ಇದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಇಳಿದಿರುತ್ತದೆ, ಆದರೆ ಮೊಳೆಯೇ ತೂತಿಗೆ ಬೆಣೆಯಾಗಿ ಕೂತು ಗಾಳಿ ಹೋಗದೆ ಇರುತ್ತದೆ. ಆಗ ಅಂಗಡಿಯವರು ‘ಮೊಳೆ ಚುಚ್ಚಿದೆ ಸರ್, ಆದರೆ ಪಂಚರ್ ಆಗಿಲ್ಲ’ ಎನ್ನುತ್ತಾರೆ. ಇಂಗ್ಲಿಷಿನ ಮೂಲಾರ್ಥದ ಪ್ರಕಾರ ಈ ವಾಕ್ಯ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಕನ್ನಡದಲ್ಲಿ ಅದು ಪೂರ್ತಿ ಸರಿಯಾದ, ಉಪಯುಕ್ತವಾದ ಮಾಹಿತಿ. ಇನ್ನೊಂದು ಕಡೆ, ಸೈಕಲ್ಲಿನ ವಾಲ್‌ಟ್ಯೂಬ್ ಹಳತಾಗಿ ಗಾಳಿ ಇಳಿದಾಗಲೂ ಸವಾರ ಮೊದಲು ‘ಪಂಚರ್ ಆಗಿದೆ’ ಎಂದೇ ಗಾಡಿ ತಂದು ನಿಲ್ಲಿಸುತ್ತಾನೆ, ಅಂಗಡಿಯವರು ವಾಲಿಗೆ ಬೆರಳಲ್ಲಿ ಎಂಜಲು ಹಚ್ಚಿ ಗುಳ್ಳೆ ತೋರಿಸಿದ ಮೇಲೆಯೇ ತನ್ನ ಮಾತನ್ನು ತಿದ್ದಿಕೊಳ್ಳುತ್ತಾನೆ. ಟೈರು ಸೀಳಿ ಸದ್ದು ಮಾಡಿದರೆ ಅದು ‘ಬರ್ಸ್ಟ್’, ಅದಕ್ಕೆ ಪಂಚರ್ ಎನ್ನುವುದಿಲ್ಲ. ಪಂಚರ್ ಎಂದರೆ ಸದ್ದಿಲ್ಲದೆ, ಕಾಣದ ಜಾಗದಿಂದ, ನಿಧಾನವಾಗಿ ಆಗುವ ನಷ್ಟ.

ಉಚ್ಚಾರಣೆಯಲ್ಲಿಯೂ ಈ ಪದ ಬೀದಿಯ ಪಾಲಾಗಿ ಹದಗೊಂಡಿದೆ. ‘ಕ್ಚ’ ಎಂಬ ಒತ್ತಕ್ಷರ ನಮ್ಮ ನಾಲಗೆಗೆ ಒಗ್ಗದೆ ಕಕಾರ ಬಿದ್ದುಹೋಗಿ ಪಂಚರ್ ಆಯಿತು, ಹಳ್ಳಿಗಳ ಕಡೆ ಕೊನೆಗೆ ಉಕಾರ ಸೇರಿ ಪಂಚರು ಎಂದೂ ಆಯಿತು. ಪೊಲೀಸ್ ಮಹಜರುಗಳಲ್ಲಿ ‘ಪಂಚರ ಸಮಕ್ಷಮ’ ಎಂದು ಬರೆಯುವ ಸಾಕ್ಷಿಗಳಿಗೂ ಈ ಪಂಚರಿಗೂ ಕಾಗುಣಿತದಲ್ಲಿ ಯಾವ ಭೇದವೂ ಉಳಿದಿಲ್ಲ, ಅರ್ಥ ಬೇರೆಯಾಗುವುದು ಸಂದರ್ಭದಿಂದ ಮಾತ್ರ. ಆದರೆ ಇದೇ ಪದದ ಸೋದರನಾದ ಆಕ್ಯುಪಂಕ್ಚರ್ ಮಾತ್ರ ತನ್ನ ಕಕಾರವನ್ನು ಉಳಿಸಿಕೊಂಡಿದೆ. ಅದು ಪುಸ್ತಕ, ಫಲಕ, ವೈದ್ಯರ ಮೂಲಕ ಬಂದದ್ದು. ಯಾರೂ ಆಕ್ಯುಪಂಚರ್ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಎರಡರ ನಡುವೆ ಏನಾದರೂ ನಂಟಿದೆಯೆಂದು ಹೆಚ್ಚಿನವರಿಗೆ ಅನ್ನಿಸುವುದೂ ಇಲ್ಲ.

ಇನ್ನು ಲಾಕ್ಷಣಿಕ ಬಳಕೆ. ಇಂಗ್ಲಿಷಿನಲ್ಲಿ ಒಬ್ಬರು ಇನ್ನೊಬ್ಬರ ಅಹಂಕಾರವನ್ನು, ಭ್ರಮೆಯನ್ನು, ಟೊಳ್ಳು ವಾದವನ್ನು ಪಂಕ್ಚರ್ ಮಾಡುತ್ತಾರೆ. ಅಲ್ಲಿ ನಮ್ಮ ಗಮನ ಸೂಜಿಯ ಮೇಲೆ, ಅಂದರೆ ಚುಚ್ಚಿದವನ ಜಾಣತನದ ಮೇಲೆ ಇರುತ್ತದೆ. ಸಣ್ಣ ಕಿರುಕುಳಕ್ಕೆ ಅದೇ ಭಾಷೆ ‘ಪಿನ್‌ಪ್ರಿಕ್’ ಎಂಬ ಬೇರೆ ಪದವನ್ನು ಇಟ್ಟುಕೊಂಡಿದೆ. ಆಫ್ರಿಕಾದ ಫಶೋಡಾದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಮುಖಾಮುಖಿಯಾದ 1898ರಲ್ಲಿ, ಪ್ಯಾರಿಸಿನಲ್ಲಿದ್ದ ಬ್ರಿಟಿಷ್ ರಾಯಭಾರಿ ಎಡ್ಮಂಡ್ ಮಾನ್ಸನ್ ಫ್ರೆಂಚರು ಇಂಥ ಗುಂಡುಸೂಜಿ ಚುಚ್ಚುವ ನೀತಿಯನ್ನು ಬಿಡಬೇಕೆಂದು ಸಾರ್ವಜನಿಕವಾಗಿಯೇ ಹೇಳಿ ಗದ್ದಲ ಎಬ್ಬಿಸಿದ್ದ. ಇವೆರಡೂ ಮಾಡುವವನಿರುವ ಕ್ರಿಯೆಗಳು.

ಕನ್ನಡದಲ್ಲಿ ಹಾಗಲ್ಲ. ‘ಪ್ಲಾನೆಲ್ಲ ಪಂಚರ್ ಆಯಿತು’, ‘ಎರಡು ಮಹಡಿ ಹತ್ತುವಷ್ಟರಲ್ಲಿ ಪಂಚರ್ ಆಗಿಬಿಟ್ಟೆ’, ‘ಮೊದಲ ಪ್ರಶ್ನೆಗೇ ಸಾಹೇಬರು ಪಂಚರ್’ ಎಂಬಂತಹ ಮಾತುಗಳಲ್ಲಿ ಯಾರು ಚುಚ್ಚಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಪಂಚರ್ ಮಾಡಿದ’ ಎನ್ನುವುದೂ ಉಂಟು, ಆದರೆ ಅಪರೂಪ, ಮತ್ತು ಅಲ್ಲಿಯೂ ಹಲವರು ‘ಗಾಳಿ ತೆಗೆದ’ ಎಂದೇ ಹೇಳಲು ಇಷ್ಟಪಡುತ್ತಾರೆ. ಅಹಂಕಾರದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಹಳೆಯ ಚಿತ್ರಗಳಿದ್ದವು. ಸೊಕ್ಕನ್ನು ಮುರಿಯುತ್ತೇವೆ ಅಥವಾ ಅಡಗಿಸುತ್ತೇವೆ, ಕೊಬ್ಬನ್ನು ಕರಗಿಸುತ್ತೇವೆ, ಮದವನ್ನು ಇಳಿಸುತ್ತೇವೆ, ಪುರಾಣಗಳಲ್ಲಿ ಗರ್ವಭಂಗವಾಗುತ್ತದೆ. ಇವುಗಳಲ್ಲಿ ಯಾವುದೂ ಗಾಳಿ ತುಂಬಿದ ವಸ್ತುವಲ್ಲ. ಹೊಗಳಿಕೆಗೆ ಉಬ್ಬುವುದು ಎಂಬ ಒಂದು ಮಾತು ಮಾತ್ರ ಮೊದಲಿನಿಂದಲೂ ಇತ್ತು, ಹಾಗೆ ಉಬ್ಬಿದವನ ಪಾಡು ಏನಾಗುತ್ತದೆಂದು ಹೇಳಲು ಪಂಚರ್ ಅನುಕೂಲವಾಗಿ ಒದಗಿತು. ಮೊನಚಿನ ಲಕ್ಷಣಾರ್ಥಗಳನ್ನಂತೂ ಅದಕ್ಕೆ ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ. ಚುಚ್ಚುಮಾತು ಚುಚ್ಚುಮಾತಾಗಿಯೇ ಉಳಿದಿದೆ, ಅತ್ತೆಯ ಮಾತು ಸೊಸೆಯನ್ನು ಚುಚ್ಚುತ್ತದೆಯೇ ಹೊರತು ಪಂಚರ್ ಮಾಡುವುದಿಲ್ಲ. ಪಂಚರ್‌ನಲ್ಲಿ ನೋವಿಲ್ಲ. ದಾರಿ ಮಧ್ಯೆ ನಿಂತುಹೋದವನ ಪೇಚು ಇದೆ, ನೋಡುವವರಿಗೆ ಒಂದಿಷ್ಟು ನಗುವಿದೆ.

‘ಹಾಕು’ವಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಕನ್ನಡದ ನಿಜವಾದ ಕೈಚಳಕ ಇರುವುದು ಅಲ್ಲಿ. ತೇಪೆ ಹಾಕು, ಬೆಸುಗೆ ಹಾಕು, ಕಲಾಯಿ ಹಾಕು, ಹೊಲಿಗೆ ಹಾಕು, ಹರಿದ ಚಪ್ಪಲಿಗೆ ಉಂಗುಷ್ಠ ಹಾಕು: ದುರಸ್ತಿಯ ಕಸುಬುಗಳಲ್ಲೆಲ್ಲ ಏನನ್ನು ಸೇರಿಸಿ ಸರಿಪಡಿಸುತ್ತೇವೋ ಅದಕ್ಕೆ ಈ ಕ್ರಿಯಾಪದವನ್ನು ಹಚ್ಚುವುದು ರೂಢಿ. ಸೈಕಲ್ ಶಾಪಿನ ಕೆಲಸವೂ ಇದೇ ಸಾಲಿಗೆ ಸೇರಿತು. ಟೈರಿನ ಅಂಚನ್ನು ಲಿವರಿನಿಂದ ಎಬ್ಬಿಸಿ, ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ಬಾಂಡ್ಲಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಗುಳ್ಳೆ ಏಳುವ ಜಾಗವನ್ನು ಹುಡುಕಿ, ಅದನ್ನು ಒರೆಸಿ, ಅರದಿಂದಲೋ ಉಪ್ಪುಕಾಗದದಿಂದಲೋ ಉಜ್ಜಿ, ಸೊಲ್ಯೂಷನ್ ಸವರಿ, ಅದು ಒಣಗಿ ಅಂಟಂಟಾಗುವವರೆಗೆ ಕಾದು, ಮೇಲೆ ರಬ್ಬರಿನ ತುಂಡನ್ನು ಕೂರಿಸಿ ಸುತ್ತಿಗೆಯಿಂದ ತಟ್ಟುವ ಈ ಕೆಲಸದ ಕೊನೆಗೆ ಹಾಕಿದ್ದು ಒಂದು ತುಂಡು ರಬ್ಬರು. ಆದರೆ ಜನರು ಅದಕ್ಕೆ ಬೇರೆ ಹೆಸರು ಹುಡುಕಲು ಹೋಗದೆ, ಯಾವುದಕ್ಕಾಗಿ ಹಾಕಿದರೋ ಅದರ ಹೆಸರನ್ನೇ ಕೊಟ್ಟರು. ತಮಿಳರು ಪಂಚರನ್ನು ‘ಒಟ್ಟುತ್ತಾರೆ’, ಅಂದರೆ ಅಂಟಿಸುತ್ತಾರೆ, ಹಿಂದಿಯವರು ‘ಲಗಾ’ಯಿಸುತ್ತಾರೆ. ಈ ಪಲ್ಲಟ ನಮ್ಮೊಬ್ಬರದೇ ಅಲ್ಲ.

ಇದರಿಂದ ಲೆಕ್ಕದಲ್ಲಿ ಗೊಂದಲವಾಗಬೇಕಿತ್ತು, ಆದರೆ ಆಗುವುದಿಲ್ಲ. ‘ಎರಡು ಪಂಚರ್ ಇದೆ’ ಎಂದರೆ ಎರಡು ತೂತು, ಎರಡು ತೇಪೆ, ಎರಡರ ಮಜೂರಿ. ‘ಈ ಟ್ಯೂಬಿನ ತುಂಬ ಪಂಚರೇ ಇದೆ, ಹೊಸದು ಹಾಕಿಸಿ’ ಎಂದಾಗ ತೋರಿಸುತ್ತಿರುವುದು ಹಳೆಯ ತೇಪೆಗಳನ್ನು ಎಂಬುದು ಎದುರಿಗೆ ನಿಂತವರಿಗೆ ಗೊತ್ತು. ಆದರೆ ಲಾಕ್ಷಣಿಕ ಬಳಕೆಯಲ್ಲಿ ಮಾತ್ರ ಪಂಚರ್ ಆಗುತ್ತದೆಯೇ ಹೊರತು ಅದನ್ನು ಯಾರೂ ಹಾಕಿಸುವುದಿಲ್ಲ. ಬಿರುಕು ಬಿಟ್ಟ ಮೈತ್ರಿ ಸರ್ಕಾರಕ್ಕೆ ನಾಯಕರು ತೇಪೆ ಹಚ್ಚುತ್ತಾರೆಂದು ಪತ್ರಿಕೆಗಳು ಬರೆಯುತ್ತವೆ, ಪಂಚರ್ ಹಾಕಿದರೆಂದು ಬರೆಯುವುದಿಲ್ಲ. ಗಂಭೀರವಾದ ದುರಸ್ತಿಗೆ ಬಟ್ಟೆಯ ತೇಪೆಯೇ ಬೇಕು, ರಬ್ಬರಿನದು ಹಗುರವಾಯಿತು ಎಂದು ಸಂಪಾದಕರಿಗೆ ಅನ್ನಿಸುತ್ತದೆಯೋ ಏನೋ.

ಇದೇ ಅಂಗಡಿಯ ಇನ್ನೊಂದು ಪದ ಸ್ಟೆಪ್ನಿ. ವೇಲ್ಸ್‌ನ ಲನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸೋದರರು 1904ರಲ್ಲಿ ತಯಾರಿಸತೊಡಗಿದ ಬದಲಿ ಚಕ್ರದ ಹೆಸರು ಅದು. ಬ್ರಿಟನ್ನಿನವರು ಆ ಹೆಸರನ್ನು ಬಹುಪಾಲು ಮರೆತಿದ್ದಾರೆ, ನಾವು ಮಾತ್ರ ಇಂದಿಗೂ ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇವೆ.

ಈಗ ಹೆಚ್ಚಿನ ಗಾಡಿಗಳಿಗೆ ಟ್ಯೂಬ್‌ಲೆಸ್ ಟೈರು ಬಂದು, ಕೆಲಸದ ವಿಧಾನವೇ ಬದಲಾಗಿದೆ. ಚಕ್ರ ಬಿಚ್ಚುವುದಿಲ್ಲ, ಬಾಂಡ್ಲಿಯ ಬದಲು ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡುತ್ತಾರೆ. ಮೊಳೆಯನ್ನು ಇಕ್ಕಳದಿಂದ ಕಿತ್ತು, ತಿರುಪಿನಂಥ ಒರಟು ಸಲಾಕೆಯನ್ನು ಅದೇ ತೂತಿನಲ್ಲಿ ಬಲವಾಗಿ ಒಳಕ್ಕೂ ಹೊರಕ್ಕೂ ಆಡಿಸಿ ತೂತನ್ನು ಮೊದಲಿಗಿಂತ ಅಗಲ ಮಾಡುತ್ತಾರೆ. ಆಮೇಲೆ ಅಂಟು ಸವರಿದ ರಬ್ಬರಿನ ಎಳೆಯನ್ನು ದೊಡ್ಡ ಸೂಜಿಯಂಥ ಸಾಧನಕ್ಕೆ ಪೋಣಿಸಿ ಒಳಗೆ ತುರುಕುತ್ತಾರೆ. ಮೊಳೆ ಸಣ್ಣದಾಗಿ ಮಾಡಿದ್ದನ್ನು ದುರಸ್ತಿ ಮಾಡುವವರು ದೊಡ್ಡದಾಗಿ ಮಾಡಿಯೇ ಮುಚ್ಚಬೇಕು. ಪಕ್ಕದಲ್ಲಿ ನಿಂತು ನೋಡುತ್ತಿರುವ ಗಾಡಿಯ ಯಜಮಾನರು ಅಷ್ಟರಲ್ಲಿ ಫೋನಿನಲ್ಲಿ ಮನೆಯವರಿಗೆ ‘ಪಂಚರ್ ಹಾಕುತ್ತಿದ್ದಾರೆ, ಹತ್ತು ನಿಮಿಷ’ ಎಂದು ಹೇಳುತ್ತಿರುತ್ತಾರೆ, ಮತ್ತು ಈ ಸಲ ಆ ಮಾತು ಎರಡು ಅರ್ಥದಲ್ಲಿಯೂ ನಿಜವಾಗಿರುತ್ತದೆ.