ದಂಡ ಕಟ್ಟಿದ್ದಾರಲ್ಲ, ಮುಗೀತು

ಶನಿವಾರ ರಾತ್ರಿಯಿಂದ ನಮ್ಮ ಮನೆಯಲ್ಲಿ ಒಂಥರಾ ಸೂತಕ. ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಸುತ್ತಮುತ್ತ ಇರುವವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಇಲ್ಲಿನ ಓಹಾಯೋ ಸ್ಟೇಟ್ ಯೂನಿವರ್ಸಿಟಿ ತಂಡ ಆರೆಗಾನ್ ಯೂನಿವರ್ಸಿಟಿ ಎದುರು ಒಂದೇ ಒಂದು ಪಾಯಿಂಟಿನಲ್ಲಿ ಸೋತಿತು, 32-31. ಮಗ ಆಮೇಲೆ ಸರಿಯಾಗಿ ಊಟ ಮಾಡಿಲ್ಲ, ಮಾತೂ ಇಲ್ಲ. ನನಗೆ ಈ ಅಮೆರಿಕದ ಫುಟ್ಬಾಲ್ ಮೇಲೆ ಅಂಥ ಪ್ರೀತಿಯೇನೂ ಇಲ್ಲ, ನೋಡುವುದೇ ಅವನಿಗೋಸ್ಕರ. ಸೋಲು ಹಾಳಾಗಿ ಹೋಗಲಿ. ವಾರಪೂರ್ತಿ ನನ್ನ ತಲೆ ತಿನ್ನುತ್ತಿರುವುದು ಆಟದ ಕೊನೆಯ ಹತ್ತು ಸೆಕೆಂಡು, ಮತ್ತೆ ಆಗ ನಮ್ಮಪ್ಪ ಕೇಳಿದ ಪ್ರಶ್ನೆ.

ಅಪ್ಪ ಊರಿಂದ ಬಂದು ಇನ್ನೂ ಇಲ್ಲಿನ ರಾತ್ರಿಗೆ ಹೊಂದಿಕೊಂಡಿಲ್ಲ. ಹನ್ನೊಂದು ಗಂಟೆಯಾದರೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದರು, ತೊಡೆ ಮೇಲೆ ಅಮ್ಮ ಕಳಿಸಿದ ಕೋಡುಬಳೆ ಡಬ್ಬಿ. ಆಟದ ಗಂಧಗಾಳಿ ಇಲ್ಲ. ಸುಮ್ನೆ ಮೊಮ್ಮಗನ ಪಕ್ಕ ಕೂರುವ ನೆಪ ಅಷ್ಟೇ.

ಆರೆಗಾನ್ ಒಂದು ಪಾಯಿಂಟ್ ಮುಂದಿತ್ತು. ಚೆಂಡು ನಮ್ಮವರ ಹತ್ತಿರ, ಆರೆಗಾನಿನ 43ನೇ ಯಾರ್ಡ್ ಗೆರೆಯಲ್ಲಿ. ಇನ್ನೊಂದಿಷ್ಟು ಮುಂದೆ ಹೋಗಿ ಕಂಬಗಳ ನಡುವೆ ಒದ್ದರೆ ಮೂರು ಪಾಯಿಂಟ್, ಗೆಲುವು. ಹತ್ತು ಸೆಕೆಂಡಿನಲ್ಲಿ ಒಂದು ಸಲ ಎಸೆದು, ಮುಂದೆ ಹೋಗಿ, ಇನ್ನೊಂದು ಸಲ ಏನಾದರೂ ಮಾಡಬಹುದು. ಅಷ್ಟು ಹೊತ್ತಿಗೆ ಆರೆಗಾನ್‌ನವರು ಟೈಮ್‌ಔಟ್ ತಗೊಂಡು, ಗುಂಪು ಕಟ್ಟಿ ಮಾತಾಡಿ, ವಾಪಸ್ ಬಂದು ನಿಂತರು. ನಮ್ಮವರು ಎಸೆದರು, ಚೆಂಡು ಯಾರ ಕೈಗೂ ಸಿಗಲಿಲ್ಲ. ಆದರೆ ತಪ್ಪಾಗಿದೆ ಅಂತ ರೆಫ್ರಿ ಎಸೆಯುವ ಹಳದಿ ಬಟ್ಟೆ ಬಿತ್ತು. ಆರೆಗಾನ್ ಕಡೆ ಹನ್ನೊಂದು ಜನ ಇರಬೇಕಾದಲ್ಲಿ ಹನ್ನೆರಡು ಜನ ಆಡುತ್ತಿದ್ದರು! ಮಗ ಎದ್ದು ಕುಣಿದ. ಐದು ಯಾರ್ಡ್ ಪುಕ್ಕಟೆ ಸಿಕ್ಕಿತಲ್ಲ.

ಅಪ್ಪ ಕೋಡುಬಳೆ ಮುರಿಯುವುದನ್ನು ನಿಲ್ಲಿಸಿ ಕೇಳಿದರು. "ಒಬ್ಬ ಜಾಸ್ತಿ ಇದ್ದ ಅಂತ ಏನು ಶಿಕ್ಷೆ ಕೊಟ್ರು?"

"ಐದು ಯಾರ್ಡ್ ಮುಂದೆ ಬಿಟ್ರು ತಾತ."

"ಹೋದ ಟೈಮು?"

"ಅದು ಹೋಯ್ತು. ಈಗ ಆರು ಸೆಕೆಂಡ್ ಇದೆ."

"ಅಂದ್ರೆ ನಾಲ್ಕು ಸೆಕೆಂಡು ಅವರಿಗೆ ಉಳೀತು, ಅದೂ ಒಬ್ಬನ್ನ ಜಾಸ್ತಿ ಇಟ್ಕೊಂಡು. ಬೇಕಂತಲೇ ಮಾಡಿದಾರೆ ಬಿಡೋ."

"ತಾತ, ಹಾಗೆಲ್ಲ ಮಾಡಲ್ಲ. ಅದು ಮೋಸ ಆಗತ್ತೆ."

"ಮೋಸ ಹೆಂಗಾಗತ್ತೋ? ದಂಡ ಕಟ್ಟಿದ್ದಾರಲ್ಲ, ಮುಗೀತು."

ಮಗ ನನ್ನ ಕಡೆ ನೋಡಿದ, ತಾತನಿಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ. ಮುಂದಿನ ಸರದಿಯಲ್ಲಿ ನಮ್ಮ ಕಡೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಚೆಂಡು ಹಿಡಿದು ನಡುವೆ ನುಗ್ಗಿದ, ಓಡಿದ, ಜಾರಿ ಕೂತ. ಅಷ್ಟರಲ್ಲಿ ಗಡಿಯಾರ ಸೊನ್ನೆ. ಎಲ್ಲರೂ ಹವರ್ಡ್‌ಗೆ ಬೈಯಲು ಶುರು ಮಾಡಿದರು, ನನ್ನ ಗಂಡನೂ ಸೇರಿ. ಇನ್ನೊಂದು ಸೆಕೆಂಡ್ ಮೊದಲು ಕೂರಬೇಕಿತ್ತಂತೆ. ಆ ಹನ್ನೆರಡನೆಯವನ ಬಗ್ಗೆ ಆ ರಾತ್ರಿ ನಮ್ಮ ಮನೆಯಲ್ಲಿ ಯೋಚಿಸಿದ್ದು ಅಪ್ಪ ಒಬ್ಬರೇ.

ಸೋಮವಾರ ಆರೆಗಾನಿನ ಕೋಚ್ ಡ್ಯಾನ್ ಲ್ಯಾನಿಂಗ್ ಪತ್ರಕರ್ತರ ಮುಂದೆ ಕೂತರು. ಇಂಥ ಸಂದರ್ಭಗಳ ಮೇಲೆ ನಾವು ತುಂಬಾ ಹೊತ್ತು ಕೆಲಸ ಮಾಡುತ್ತೇವೆ, ಇದೂ ನಾವು ಅಭ್ಯಾಸ ಮಾಡಿದ್ದೇ, ಫಲ ನೀವೇ ನೋಡಿದಿರಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ತಪ್ಪು ಒಪ್ಪಿಕೊಂಡ ದನಿಯಲ್ಲ, ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂದವರ ದನಿ. ನನಗೆ ಆ ಮನುಷ್ಯ ಅಷ್ಟಕ್ಕಷ್ಟೇ. ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಭ್ಯಾಸ ಅಂದರೆ ಏನು ಮಾಡಿರಬಹುದು ಅಂತ ಯೋಚಿಸಿದೆ. ಹದಿನೆಂಟು ಇಪ್ಪತ್ತು ವರ್ಷದ ಹುಡುಗರನ್ನು ಮೈದಾನದಲ್ಲಿ ನಿಲ್ಲಿಸಿ, ನೀನು ಹನ್ನೆರಡನೆಯವನು, ಇಂಥ ಕಡೆ ನಿಲ್ಲು, ಹೊರಗೆ ಓಡಬೇಡ, ಸಿಕ್ಕಿಬೀಳು, ಪರವಾಗಿಲ್ಲ ಅಂತ ಹೇಳಿಕೊಟ್ಟಿರಬೇಕು ಅಲ್ವಾ? ಓಡುವುದು, ಹಿಡಿಯುವುದು ಕಲಿಸಿದ ಹಾಗೇ ಸಿಕ್ಕಿಬೀಳುವುದನ್ನೂ ಕಲಿಸುವುದು.

ಮಗನಿಗೆ ಸುದ್ದಿ ತೋರಿಸಿದೆ. ತಾತ ಹೇಳಿದ್ದು ನಿಜ ಆಯ್ತು ಅನ್ನುವುದು ಅವನಿಗೆ ಸೋಲಿಗಿಂತ ಜಾಸ್ತಿ ಉರಿ.

ಇದೇನು ಹೊಸದಲ್ಲ, ಮಗನೇ ಫೋನಿನಲ್ಲಿ ಹಳೆಯ ವಿಡಿಯೋಗಳನ್ನು ತೆಗೆದು ತೋರಿಸಿದ. 2012ರಲ್ಲಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜಯಂಟ್ಸ್ ಕಡೆ ಕೊನೆಯ ಹದಿನೇಳು ಸೆಕೆಂಡಿನಲ್ಲಿ ಹನ್ನೆರಡು ಜನ ಇದ್ದರು. ಅದು ಗಡಿಬಿಡಿಯಲ್ಲಿ ಆಗಿದ್ದು, ಒಬ್ಬ ಹೊರಗೆ ಓಡುತ್ತಿರುವುದು ಕಾಣುತ್ತದೆ. ಆದರೂ ಎದುರಾಳಿಗೆ ಐದು ಯಾರ್ಡ್ ಸಿಕ್ಕಿತು, ಎಂಟು ಸೆಕೆಂಡ್ ಹೋಯಿತು. ಬೇಕಂತ ಮಾಡಲಿ ಬಿಡಲಿ, ಲಾಭ ಲಾಭವೇ. ಅದೇ ವರ್ಷ ಎನ್‌ಎಫ್‌ಎಲ್‌ನವರು ನಿಯಮ ಬದಲಾಯಿಸಿದರು, ಹನ್ನೆರಡು ಜನ ನಿಂತಿದ್ದರೆ ಆಟ ಶುರುವಾಗುವ ಮೊದಲೇ ಸೀಟಿ. ಕಾಲೇಜು ಆಟದವರು ಯಾಕೋ ಅದನ್ನು ಹಾಗೇ ಬಿಟ್ಟಿದ್ದರು. ಲ್ಯಾನಿಂಗ್ ಕೈ ಹಾಕಿದ್ದು ಅಲ್ಲಿಗೇ.

2016ರ ನವೆಂಬರಿನಲ್ಲಿ ಪೆಟ್ಟು ತಿಂದವರೂ ಓಹಾಯೋದವರೇ, ಸಿನ್ಸಿನಾಟಿ ಬೆಂಗಾಲ್ಸ್. ಬಾಲ್ಟಿಮೋರ್ ರೇವನ್ಸ್ ಏಳು ಪಾಯಿಂಟ್ ಮುಂದಿತ್ತು, ಹನ್ನೊಂದು ಸೆಕೆಂಡ್ ಬಾಕಿ. ಅವರ ಪಂಟರ್, ಅಂದರೆ ಚೆಂಡನ್ನು ದೂರಕ್ಕೆ ಒದೆಯುವವನು, ಸ್ಯಾಮ್ ಕಾಕ್ ಚೆಂಡು ಹಿಡಿದುಕೊಂಡು ಮೈದಾನದ ತುದಿಯ ತನ್ನದೇ ಎಂಡ್ ಝೋನ್ ಕಡೆ ಆರಾಮಾಗಿ ಕಾಲ ತಳ್ಳಿದ. ಜೊತೆಯವರೆಲ್ಲ ಎದುರಾಳಿಗಳನ್ನು ಅಂಗಿ ಹಿಡಿದು ಜಗ್ಗಿ ತಬ್ಬಿಕೊಂಡು ನಿಂತರು. ಅಷ್ಟೂ ಜನ ಫೌಲ್! ಎರಡು ಪಾಯಿಂಟ್ ಬಿಟ್ಟುಕೊಟ್ಟರು, ಟೈಮು ಮುಗಿಯಿತು, 19-14. ಮರುವರ್ಷ ಅದಕ್ಕೂ ನಿಯಮ ಬಂತು. ಈಗ ಹಾಗೆ ಮಾಡಿದರೆ ಹದಿನೈದು ಯಾರ್ಡ್ ದಂಡ, ಹೋದ ಟೈಮೂ ವಾಪಸ್.

ಇವುಗಳಲ್ಲಿ ನನಗೆ ನಗು ಬಂದಿದ್ದು ಬೆಲಿಚಿಕ್ ಕಥೆಗೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಆಗಿನ ಕೋಚ್ ಬಿಲ್ ಬೆಲಿಚಿಕ್, ನಗುವೇ ಅಪರೂಪದ ಮನುಷ್ಯ. 2019ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಮೇಲೆ 33-0 ಮುಂದಿದ್ದಾಗ ಬೇಕಂತಲೇ ತಡ ಮಾಡಿಸಿ ದಂಡ ತಗೊಂಡ, ಆಮೇಲೆ ಇನ್ನೊಂದು ತಪ್ಪು ಮಾಡಿಸಿ ಮತ್ತೆ ದಂಡ. ಆಗಿನ ನಿಯಮದಲ್ಲಿ ಕೊನೆಯ ಐದು ನಿಮಿಷಕ್ಕೆ ಮುಂಚೆ ಇಂಥ ತಪ್ಪಾದರೆ ರೆಫ್ರಿ ಸನ್ನೆ ಮಾಡಿದ ಕೂಡಲೇ ಗಡಿಯಾರ ಮತ್ತೆ ಓಡುತ್ತಿತ್ತು. ಹೇಗೂ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದೇ ಇದ್ದಾಗ ಐದು ಯಾರ್ಡ್ ಹಿಂದೆ ಹೋದರೆ ಏನು ಗಂಟು ಹೋಗುತ್ತದೆ? ಇದೊಂದು ಕಿಂಡಿ, ಮುಚ್ಚಬೇಕಾದದ್ದೇ, ಆದರೆ ಈಗ ತೆರೆದಿದೆ ಅಂತ ಅವನೇ ಹೇಳಿದ. ಎರಡೂವರೆ ತಿಂಗಳಾಗಲಿಲ್ಲ, 2020ರ ಜನವರಿ 4ರಂದು ಪ್ಲೇಆಫ್‌ನಲ್ಲಿ ಅದೇ ಪೇಟ್ರಿಯಟ್ಸ್ ಎದುರು ಟೆನೆಸ್ಸಿ ಟೈಟನ್ಸ್ ಒಂದು ಪಾಯಿಂಟ್ ಮುಂದಿದ್ದಾಗ ಅದರ ಕೋಚ್ ಮೈಕ್ ವ್ರೇಬಲ್ ಅದೇ ಮಂತ್ರ ಹಾಕಿದ. ಒಂದು ದಂಡ, ಇನ್ನೊಂದು ದಂಡ, ನಡುವೆ ಪೇಟ್ರಿಯಟ್ಸ್‌ನವರೂ ಪೆದ್ದರ ಹಾಗೆ ಒಂದು ತಪ್ಪು ಮಾಡಿದರು. ಹತ್ತಿರ ಹತ್ತಿರ ಎರಡು ನಿಮಿಷ ಹಾಗೇ ಕರಗಿತು. ವ್ರೇಬಲ್ ಹಿಂದೆ ಬೆಲಿಚಿಕ್ ಕೈಕೆಳಗೇ ಆಡಿದವನು. ಗುರುವಿಗೇ ತಿರುಮಂತ್ರ. ಬೆಲಿಚಿಕ್ ಗೆರೆಯ ಹೊರಗೆ ನಿಂತು ರೆಫ್ರಿಗಳ ಮೇಲೆ ಕೂಗಾಡುವುದನ್ನು ನಾವು ಎರಡು ಮೂರು ಸಲ ಹಾಕಿಕೊಂಡು ನೋಡಿದೆವು. ಅದೇ ವರ್ಷ ಆ ಕಿಂಡಿಯೂ ಮುಚ್ಚಿತು.

"ವ್ರೇಬಲ್ ಮಾಡಿದ್ದು ಮೋಸ ಅಲ್ವೇನೋ?" ಅಂತ ಮಗನನ್ನು ಕೇಳಿದೆ. ವ್ರೇಬಲ್ ಓಹಾಯೋದವನು, ಓಹಾಯೋ ಸ್ಟೇಟ್‌ಗೆ ಆಡಿದವನು, ಇಲ್ಲಿ ಅವನೆಂದರೆ ಹೀರೋ.

"ಅದು ಬೇರೆ, ಅಮ್ಮಾ."

ಹೇಗೆ ಬೇರೆ ಅಂತ ಹೇಳಲಿಲ್ಲ.

ನನ್ನ ಗಂಡನ ವಾದ ಇನ್ನೊಂದು. ರೂಲ್ಸ್ ಬರೆದವರದ್ದು ತಪ್ಪು, ಕೋಚ್‌ದಲ್ಲ ಅಂತ. ಅವರು ಟ್ಯಾಕ್ಸ್ ಬಗ್ಗೆಯೂ ಹೀಗೇ ಮಾತಾಡುತ್ತಾರೆ, ಅದು ಬಿಡಿ. ಆದರೆ 2010ರಲ್ಲಿ ದಂಬುಲ್ಲಾದಲ್ಲಿ ಸೆಹ್ವಾಗ್ 99ರಲ್ಲಿದ್ದಾಗ, ಗೆಲ್ಲಲು ಒಂದೇ ರನ್ ಬೇಕಿದ್ದಾಗ, ಶ್ರೀಲಂಕಾದ ಸೂರಜ್ ರಣದಿವ್ ಬೇಕಂತಲೇ ನೋ ಬಾಲ್ ಹಾಕಿದ್ದನ್ನು ಇವತ್ತಿಗೂ ಕ್ಷಮಿಸಿಲ್ಲ. ಅದೂ ದಂಡವನ್ನೇ ಆಯುಧ ಮಾಡಿಕೊಂಡಿದ್ದು ತಾನೇ? ನಿಯಮದಲ್ಲಿ ಅದಕ್ಕಿದ್ದ ದಂಡ ಒಂದು ರನ್. ಅದನ್ನು ಅವನು ಸಂತೋಷವಾಗಿ ಕೊಟ್ಟ. ಕೊನೆಗೆ ಅವರದೇ ಬೋರ್ಡು ಒಂದು ಪಂದ್ಯ ಹೊರಗೆ ಕೂರಿಸಿತು. ನಮ್ಮವರಿಗೆ ಆದಾಗ ಮೋಸ, ನಮ್ಮವರು ಮಾಡಿದಾಗ ಚಾಣಾಕ್ಷತನ. ಇಡೀ ಮನೆ ಹೀಗೇ ಇದೆ.

ಅಪ್ಪ ಮಾತ್ರ ಯಾರ ಪಕ್ಷವೂ ಅಲ್ಲ. ಅದಕ್ಕೇ ಇರಬೇಕು ಅವರ ಮಾತು ನನ್ನನ್ನು ಬಿಡುತ್ತಿಲ್ಲ. ದಂಡ ಕಟ್ಟಿದ್ದಾರಲ್ಲ, ಮುಗೀತು. ವ್ಯಂಗ್ಯ ಇರಲಿಲ್ಲ ಅದರಲ್ಲಿ. ಹೊರಗೆ ಮಳೆ ಬರ್ತಾ ಇದೆ ಅಂದ ಹಾಗೆ ಅಂದರು.

ಅಪ್ಪ ನಗರಸಭೆಯಲ್ಲಿ ಎಂಜಿನಿಯರ್ ಆಗಿದ್ದವರು. ಕೆಲಸದುದ್ದಕ್ಕೂ ಸೆಟ್‌ಬ್ಯಾಕ್ ಬಿಡದೆ ಕಟ್ಟಿದವರಿಗೆ, ಒಂದು ಮಹಡಿ ಜಾಸ್ತಿ ಏರಿಸಿದವರಿಗೆ ನೋಟಿಸ್ ಕೊಟ್ಟರು. ಮಂಗಳವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರೇ ತೆಗೆದರು. "ಇದು ನಮ್ಮ ಅಕ್ರಮ-ಸಕ್ರಮ ಕಣೇ." ಆಮೇಲೆ ಒಂದು ಕಥೆ ಹೇಳಿದರು, ನನಗೆ ಗೊತ್ತೇ ಇರಲಿಲ್ಲ. ಒಬ್ಬ ಮನೆ ಕಟ್ಟಿಸುವವನು ಇವರನ್ನು ಸೈಟಿಗೆ ಕರೆದುಕೊಂಡು ಹೋಗಿದ್ದನಂತೆ. ಇನ್ನೂ ಪಾಯ ತೋಡಿರಲಿಲ್ಲ, ಸುಣ್ಣದ ಗೆರೆ ಎಳೆದಿದ್ದರು ಅಷ್ಟೇ. ಆ ಗೆರೆ ಪಕ್ಕದ ಕಾಂಪೌಂಡಿಗೆ ಅಂಟಿಕೊಂಡ ಹಾಗಿತ್ತು. ಇವರು, ಇಷ್ಟು ಜಾಗ ಬಿಡಬೇಕು ಕಣ್ರೀ ಅಂದರು. ಅವನು ಜೇಬಿನಿಂದ ಎಸ್ಟಿಮೇಟ್ ಹಾಳೆ ತೆಗೆದ. ಕಬ್ಬಿಣ, ಸಿಮೆಂಟು, ಮರಳು, ಮೇಸ್ತ್ರಿ ಕೂಲಿ. ಅದರ ಕೆಳಗೆ ಬೆರಳಿಟ್ಟು ಕೇಳಿದನಂತೆ, "ಸಾರ್, ದಂಡ ಅಂದಾಜು ಎಷ್ಟಾಗಬಹುದು? ಇಲ್ಲಿ ಬರ್ಕೊಂಡ್ಬಿಡ್ತೀನಿ."

ಕಟ್ಟಿದ ಮೇಲೆ ಸಿಕ್ಕಿಬಿದ್ದವರ ಮೇಲೆ ಅಪ್ಪನಿಗೆ ಅಷ್ಟು ಸಿಟ್ಟಿಲ್ಲ. ಗೊತ್ತಿಲ್ಲದೆ ಮಾಡಿದವರು, ದುಡ್ಡಿಲ್ಲದೆ ಮಾಡಿದವರು ಇರುತ್ತಾರೆ. ಈ ಎಸ್ಟಿಮೇಟಿನವನನ್ನು ಮಾತ್ರ ಮರೆತಿಲ್ಲ. ನೋಟಿಸಿಗೆ ಹೆದರುವವನಿಗೆ ನೋಟಿಸ್ ಕೊಡಬಹುದು, ಮರಳಿನ ಪಕ್ಕ ಬರೆದುಕೊಂಡವನಿಗೆ ಏನು ಕೊಡೋದು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲ್ಯಾನಿಂಗ್ ಕೂಡ ಅದೇ ಎಸ್ಟಿಮೇಟ್ ಹಾಳೆ ಇಟ್ಟುಕೊಂಡವರು. ಟೈಮ್‌ಔಟ್, ನಾಲ್ಕು ಸೆಕೆಂಡ್, ಐದು ಯಾರ್ಡ್.

ಸರಕಾರವೇ ಆ ಹಾಳೆಗೆ ಸಹಿ ಹಾಕಿದರೆ ಇನ್ನೇನು? ಮನೆಗಾದರೆ ಅರ್ಧದಷ್ಟು ಉಲ್ಲಂಘನೆ, ಅಂಗಡಿ ಆಫೀಸಿಗಾದರೆ ಕಾಲು ಭಾಗ, ಅಲ್ಲಿಯವರೆಗೆ ದುಡ್ಡು ಕಟ್ಟಿ ಸಕ್ರಮ ಮಾಡಿಕೊಳ್ಳಿ ಅಂತ ನಿಯಮ ಮಾಡಿದರು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಕ್ಯೂ ನಿಂತು ಕಟ್ಟಿದರು. ನನ್ನ ತಮ್ಮನೂ ನಿಂತಿದ್ದ, ಫೋಟೋ ಕಳಿಸಿದ್ದ, ಮುಖದಲ್ಲಿ ಸೀರೆ ಸೇಲ್‌ಗೆ ಹೋದವರ ಖುಷಿ. ಆ ಫೋಟೋ ನೋಡಿ ನಾವೆಲ್ಲ ನಕ್ಕಿದ್ದೆವು, ಅಪ್ಪ ನಕ್ಕಿರಲಿಲ್ಲ. ಯಾಕೆ ಅಂತ ಈ ವಾರ ಅರ್ಥವಾಯಿತು.

ಇಲ್ಲಿಯವರ ಒಂದು ವಿಷಯ ಮೆಚ್ಚಬೇಕು. ಶನಿವಾರ ಆಟ, ಬುಧವಾರ ಆದೇಶ. ಆಟದ ಯಾವುದೇ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಹನ್ನೆರಡು ಜನ ಆಡಿದರೆ ಯಾರ್ಡೂ ಕೊಡುತ್ತೇವೆ, ಬೇಕೆಂದರೆ ಹೋದ ಸೆಕೆಂಡುಗಳನ್ನೂ ಗಡಿಯಾರಕ್ಕೆ ವಾಪಸ್ ಹಾಕುತ್ತೇವೆ ಅಂತ ಕಾಲೇಜು ಕ್ರೀಡೆಗಳ ಎನ್‌ಸಿಎಎ ಹೇಳಿಬಿಟ್ಟಿತು. ಸೀಸನ್ ಮುಗಿಯುವವರೆಗೂ ಕಾಯಲಿಲ್ಲ. ಆರೆಗಾನ್ ಗೆದ್ದಿದ್ದು ಗೆದ್ದ ಹಾಗೇ ಉಳಿಯಿತು, ಆ ಮಾತು ಬೇರೆ.

ರಾತ್ರಿ ಊಟಕ್ಕೆ ಕೂತಾಗ ಮಗ ಇದನ್ನು ಜೋರಾಗಿ ಓದಿದ, ತಾತನಿಗೆ ಕೇಳಿಸಲಿ ಅಂತಲೇ. ಅದರಲ್ಲಿ ಇನ್ನೊಂದು ಸಾಲಿತ್ತು. ಆ ಹೆಚ್ಚಿನವನು ಹೊರಗೆ ಓಡುತ್ತಿದ್ದರೆ, ಆಟಕ್ಕೆ ಅವನಿಂದ ಏನೂ ಆಗಿಲ್ಲವಾದರೆ, ಹಳೆಯ ಹಾಗೆ ಬರೀ ಐದು ಯಾರ್ಡ್.

ಅಪ್ಪ ಸಾರನ್ನದಿಂದ ತಲೆ ಎತ್ತಿದರು. "ಹಂಗಾದ್ರೆ ಓಡ್ತಾ ಇರೋ ಹಂಗೆ ಮಾಡಿದ್ರೆ?"

"ಆಟಕ್ಕೆ ಅಡ್ಡ ಬರಬಾರದು ತಾತ."

"ಅಡ್ಡ ಬಂದ್ನೋ ಇಲ್ವೋ ಅಂತ ಹೇಳೋರು ಯಾರು?"

"ರೆಫ್ರಿ."

"ಹೂಂ. ಸ್ಥಳ ಪರಿಶೀಲನೆ," ಅಂದರು ಅಪ್ಪ, ನನ್ನ ಕಡೆ ನೋಡಿ, ಮತ್ತೆ ಮೊಸರು ಹಾಕಿಸಿಕೊಂಡರು.